‘ಬೆಂಬಲಿತ’ ಅಧ್ಯಕ್ಷೆ: ಚಳ್ಳಕೆರೆ ಸೀಮೆಯ ಒಂದು ಅವಿಶ್ವಾಸ ಪ್ರಕರಣ

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಸೀಮೆಯ ಒಂದು ಗ್ರಾಮ ಪಂಚಾಯಿತಿಯಲ್ಲಿ 2025ರ ಜನವರಿಯಲ್ಲಿ ಅಧ್ಯಕ್ಷೆಯ ವಿರುದ್ಧ ಅವಿಶ್ವಾಸ ಗೊತ್ತುವಳಿ ಅಂಗೀಕಾರವಾಯಿತು. 17 ಸದಸ್ಯರ ಪೈಕಿ 12 ಮಂದಿ ಗೊತ್ತುವಳಿಯ ಪರ ನಿಂತರು. ಆ 12ರಲ್ಲಿ 6 ಮಂದಿ ಅಧ್ಯಕ್ಷೆಯ ಸ್ವಂತ ಪಕ್ಷದ ಬೆಂಬಲದಿಂದ ಗೆದ್ದವರು. ಅಧ್ಯಕ್ಷರನ್ನು ನಡುವೆಯೇ ಇಳಿಸುವುದು ನಮ್ಮ ಕಡೆ ಸುದ್ದಿಯೂ ಅಲ್ಲ, ಪತ್ರಿಕೆಯ ಒಳಪುಟದಲ್ಲಿ ಎರಡು ಇಂಚು ಜಾಗ ಸಿಕ್ಕರೆ ಹೆಚ್ಚು. ನಾನು ಈ ಪ್ರಕರಣವನ್ನು ಬರೆದಿಡುತ್ತಿರುವುದು ಆಕೆ ಇಳಿದದ್ದಕ್ಕಾಗಿ ಅಲ್ಲ. ಅದಕ್ಕೂ ಮುಂಚಿನ ಆರು ತಿಂಗಳಲ್ಲಿ ಆಕೆ ತನ್ನ ಪಕ್ಷದ ಯಾವ ಯಾವ ಬಾಗಿಲಿಗೆ ಹೋದರು, ಅಲ್ಲಿ ಏನು ಉತ್ತರ ಸಿಕ್ಕಿತು, ಆ ಉತ್ತರಗಳಿಗೆ ಯಾವ ಲೆಕ್ಕಾಚಾರ ಕಾರಣವಾಗಿತ್ತು ಎಂಬುದನ್ನು ದಾಖಲಿಸಬೇಕೆನಿಸಿದ್ದರಿಂದ.

ಪಂಚಾಯಿತಿ ಸದಸ್ಯರ ತರಬೇತಿಗಳಲ್ಲಿ ಕಾಯ್ದೆಯ ಪಾಠ ಹೇಳಲು ಹೋಗುತ್ತಿದ್ದ ನನಗೆ ಆಕೆ 2021ರಿಂದ ಪರಿಚಯ. ಹೆಸರು, ಊರು, ಪಕ್ಷ ಮೂರನ್ನೂ ಇಲ್ಲಿ ಬಿಟ್ಟಿದ್ದೇನೆ. ಪಕ್ಷದ ಹೆಸರನ್ನು ಬಿಟ್ಟಿದ್ದರಿಂದ ಓದುಗರಿಗೆ ನಷ್ಟವೇನೂ ಇಲ್ಲ. ಈ ಜಿಲ್ಲೆಯಲ್ಲಿ ಬಾವುಟ ಕಟ್ಟುವ ಯಾವ ದೊಡ್ಡ ಪಕ್ಷದ ಹೆಸರನ್ನು ಹಾಕಿಕೊಂಡು ಓದಿದರೂ ಕಥೆ ಹೊಂದಿಕೊಳ್ಳುತ್ತದೆ.

ಆಕೆ ಪರಿಶಿಷ್ಟ ಜಾತಿಗೆ ಸೇರಿದವರು, ಪಿಯುಸಿವರೆಗೆ ಓದಿದವರು, ಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ರವಿಕೆ ಹೊಲಿಯುವವರು. ಗಂಡ ಟಾಟಾ ಏಸ್ ಓಡಿಸುತ್ತಾರೆ, ಶೇಂಗಾ ಹಂಗಾಮಿನಲ್ಲಿ ಚಳ್ಳಕೆರೆ ಮಾರುಕಟ್ಟೆಗೆ ಚೀಲ ಸಾಗಿಸುವುದು ಅವರ ಮುಖ್ಯ ದುಡಿಮೆ. 2018ರ ವಿಧಾನಸಭಾ ಚುನಾವಣೆಯಲ್ಲಿ ಆಕೆ ಬೂತ್ ಕಮಿಟಿಯಲ್ಲಿದ್ದರು. ಮನೆಮನೆಗೆ ಚೀಟಿ ಹಂಚುವುದು, ಸಭೆಗೆ ಹೆಂಗಸರನ್ನು ಕರೆತರುವುದು, ಮತದಾನದ ದಿನ ಮುದುಕರನ್ನು ಕೈಹಿಡಿದು ತರುವುದು ಇವೆಲ್ಲ ಆಕೆಯ ಪಾಲಿಗೆ ಬಂದ ಕೆಲಸ. 2020ರ ಡಿಸೆಂಬರ್‌ನಲ್ಲಿ ಪಂಚಾಯಿತಿ ಚುನಾವಣೆ ಬಂದಾಗ, ವಾರ್ಡಿನ ಮೀಸಲಾತಿ ಆಕೆಗೆ ಒದಗಿದ್ದರಿಂದ, ಪಕ್ಷದ ತಾಲ್ಲೂಕು ಅಧ್ಯಕ್ಷರೇ ಮನೆಗೆ ಬಂದು ನಾಮಪತ್ರ ಹಾಕಿಸಿದರು. ಆ ಪಕ್ಷದ ಬೆಂಬಲದಿಂದ ಪಂಚಾಯಿತಿಯಲ್ಲಿ 10 ಮಂದಿ ಗೆದ್ದರು, ಎದುರು ಪಕ್ಷದಿಂದ 7 ಮಂದಿ. ಎರಡನೆಯ ಮೂವತ್ತು ತಿಂಗಳ ಅವಧಿಗೆ ಅಧ್ಯಕ್ಷ ಸ್ಥಾನ ಪರಿಶಿಷ್ಟ ಜಾತಿಯ ಮಹಿಳೆಗೆ ಮೀಸಲಾಯಿತು. 2023ರ ಮೇ ತಿಂಗಳ ವಿಧಾನಸಭಾ ಚುನಾವಣೆಯಲ್ಲಿ ತನ್ನ ಬೂತಿನಲ್ಲಿ ಪಕ್ಷಕ್ಕೆ ಲೀಡ್ ಕೊಡಿಸಿದ್ದ ಆಕೆ ಜುಲೈನಲ್ಲಿ ಅಧ್ಯಕ್ಷೆಯಾದರು.

ಆ ವರ್ಷ ಬರ. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತವೆಂದು ಘೋಷಿಸಿದ ವರ್ಷ. ಮಳೆಯೇ ಕಡಿಮೆ ಬೀಳುವ ಈ ಸೀಮೆಯಲ್ಲಿ ಬರಗಾಲದಲ್ಲಿ ಉದ್ಯೋಗ ಖಾತರಿ ಎಂದರೆ ಅದು ಯೋಜನೆಯಲ್ಲ, ಒಲೆ ಹತ್ತುವ ದಾರಿ. ಮುಂದಿನ ವರ್ಷ, ದಿನಗೂಲಿ 349 ರೂಪಾಯಿ ಇದ್ದಾಗ, ಒಂದು ಗೋಕಟ್ಟೆಯ ಹೂಳು ತೆಗೆಯುವ ಕೆಲಸ ಮಂಜೂರಾಯಿತು. ಕೆಲಸ ನಡೆದದ್ದು ಎರಡು ರಾತ್ರಿಗಳಲ್ಲಿ, ಜೆಸಿಬಿಯಿಂದ. ಹಗಲಿನಲ್ಲಿ ಹತ್ತಿಪ್ಪತ್ತು ಮಂದಿಯನ್ನು ಕಟ್ಟೆಯ ಮೇಲೆ ಗುದ್ದಲಿ ಹಿಡಿಸಿ ನಿಲ್ಲಿಸಿ, ಹಾಜರಾತಿ ಆ್ಯಪ್‌ಗೆ ಬೇಕಾದ ಎರಡು ಹೊತ್ತಿನ ಫೋಟೊ ತೆಗೆಸಲಾಯಿತು. ಕೂಲಿ ಖಾತೆಗೆ ಬಿದ್ದ ಮೇಲೆ ಬೆರಳು ಒತ್ತಿಸಿ ಬಿಡಿಸಿಕೊಂಡು, ಜಾಬ್ ಕಾರ್ಡಿನವರಿಗೆ ಇನ್ನೂರೋ ಮುನ್ನೂರೋ ಕೊಟ್ಟು ಉಳಿದದ್ದನ್ನು ಪಡೆಯುವುದು ಇದರ ಮುಂದಿನ ಹಂತ. ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಆಗ ಜಾರಿಯಲ್ಲಿದ್ದ ಉದ್ಯೋಗ ಖಾತರಿ ಕಾಯ್ದೆ ಗುತ್ತಿಗೆದಾರನನ್ನೂ, ಕೂಲಿಯ ಬದಲಿಗೆ ಯಂತ್ರವನ್ನೂ ನಿಷೇಧಿಸಿತ್ತು. ಹಾಗಾಗಿ ಊರಿನಲ್ಲಿ ಯಾರೂ ‘ಗುತ್ತಿಗೆದಾರ’ ಎನ್ನುವುದಿಲ್ಲ, ‘ವೆಂಡರ್’ ಎನ್ನುತ್ತಾರೆ. ಈ ವೆಂಡರ್ ಅದೇ ಪಕ್ಷದವನು. ಚುನಾವಣೆಯಲ್ಲಿ ಮೂರು ಪಂಚಾಯಿತಿಗಳ ಖರ್ಚು ನೋಡಿಕೊಂಡವನು ಎಂಬುದು ಎಲ್ಲರ ಬಾಯಲ್ಲೂ ಇದ್ದ ಮಾತು.

ಪಾವತಿಗೆ ಅಧ್ಯಕ್ಷೆಯ ಡಿಜಿಟಲ್ ಸಹಿಯೂ ಬೇಕಿತ್ತು. ಆ ಸಹಿ ಅಡಗಿರುವ, ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ಸಾಧನವಾದ ಡೊಂಗಲ್ ಅನ್ನು ಆಕೆ ಕೊಡಲಿಲ್ಲ. ಜೆಸಿಬಿ ಕೆಲಸದ ಬಗ್ಗೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ ಒಂದು ಪುಟದ ಪತ್ರ ಬರೆದರು. 2024ರ ಜುಲೈನಲ್ಲಿ ಪಂಚಾಯಿತಿ ಕಚೇರಿಯೊಳಗೆ, ನೌಕರರ ಎದುರಿನಲ್ಲೇ, ವೆಂಡರ್‌ನ ತಮ್ಮ ಆಕೆಯನ್ನು ಜಾತಿ ಹಿಡಿದು ಬೈದ. ದೂರು ಕೊಟ್ಟ ನಾಲ್ಕನೆಯ ದಿನಕ್ಕೆ ಪ್ರಕರಣ ದಾಖಲಾಯಿತು. ಅದರ ಮರುದಿನವೇ ತಾಂತ್ರಿಕ ಸಹಾಯಕನೊಬ್ಬನಿಂದ ಎದುರು ದೂರು ಬಂತು: ಅಳತೆಗೆ ಹೋದಾಗ ಅಧ್ಯಕ್ಷೆಯೂ ಆಕೆಯ ಗಂಡನೂ ಅಡ್ಡಗಟ್ಟಿ ಕೈ ಮಾಡಿದರು ಎಂಬುದು ಅದರ ಸಾರಾಂಶ. ಆ ತಿಂಗಳಷ್ಟೇ ಜಾರಿಗೆ ಬಂದಿದ್ದ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಮು, ಎಂದರೆ ಸರ್ಕಾರಿ ನೌಕರನ ಕರ್ತವ್ಯಕ್ಕೆ ಅಡ್ಡಿಪಡಿಸಲು ಹಲ್ಲೆ ಮಾಡಿದ ಆರೋಪ, ಇಬ್ಬರ ಮೇಲೂ ಬಿತ್ತು. ಇದು ಜಾಮೀನುರಹಿತ ಅಪರಾಧ. ನಿರೀಕ್ಷಣಾ ಜಾಮೀನಿಗಾಗಿ ಆಕೆಯ ಮಾಂಗಲ್ಯ ಸರ ಚಳ್ಳಕೆರೆಯ ಒಂದು ಅಡವು ಅಂಗಡಿಗೆ ಹೋಯಿತು, ಗಂಡ ಹದಿನೆಂಟು ದಿನ ಗಾಡಿ ಹೊರಗೆ ತೆಗೆಯಲಿಲ್ಲ.

ಇಲ್ಲಿ ಕಾನೂನಿನ ಒಂದು ಅಂಶವನ್ನು ಹೇಳಲೇಬೇಕು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ದೌರ್ಜನ್ಯ ತಡೆ ಕಾಯ್ದೆ 1989ಕ್ಕೆ 2015ರಲ್ಲಿ ತಂದ ತಿದ್ದುಪಡಿಯಲ್ಲಿ, ಈ ಸಮುದಾಯಗಳಿಗೆ ಸೇರಿದ ಪಂಚಾಯಿತಿ ಸದಸ್ಯರನ್ನೋ ಅಧ್ಯಕ್ಷರನ್ನೋ ಅವರ ಕರ್ತವ್ಯ ನಿರ್ವಹಿಸದಂತೆ ಬೆದರಿಸುವುದು, ತಡೆಯುವುದು ಪ್ರತ್ಯೇಕ ಅಪರಾಧವೆಂದು ಸೇರಿಸಲಾಗಿದೆ. ಮೂರನೇ ಕಲಮಿನ ಒಂದನೇ ಉಪಕಲಮಿನ ‘ಎಂ’ ಖಂಡ ಅದು. ಆಕೆಯ ಪ್ರಕರಣಕ್ಕೆ ಅಳತೆ ತೆಗೆದು ಹೊಲಿದಂತಿದ್ದ ಈ ಖಂಡ ಪ್ರಥಮ ವರ್ತಮಾನ ವರದಿಯಲ್ಲಿ ಇರಲಿಲ್ಲ, ಬೈಗುಳದ ಖಂಡ ಮಾತ್ರ ಇತ್ತು. ಒಬ್ಬ ವಕೀಲರು ಠಾಣೆಯಲ್ಲಿ ಅರ್ಧ ಗಂಟೆ ಕುಳಿತಿದ್ದರೆ ಅದನ್ನು ಸೇರಿಸಬಹುದಿತ್ತು. ಪಕ್ಷಕ್ಕೆ ಜಿಲ್ಲಾ ಮಟ್ಟದಲ್ಲಿ ಕಾನೂನು ಘಟಕವೇ ಇದೆ. ಅದರ ಪದಾಧಿಕಾರಿಗಳ ಫೋಟೊಗಳು ಪ್ರತಿ ಹಬ್ಬಕ್ಕೂ ಫ್ಲೆಕ್ಸ್‌ನಲ್ಲಿ ಬರುತ್ತವೆ.

ಬಾಗಿಲುಗಳು

ಮೊದಲು ಹೋದದ್ದು ತಾಲ್ಲೂಕು ಅಧ್ಯಕ್ಷರ ಮನೆಗೆ. ಅವರು ಒಳ್ಳೆಯ ಮನುಷ್ಯ, ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ಕೂರಿಸಿ, ಟೀ ಕೊಟ್ಟು, ಪೂರ್ತಿ ಕೇಳಿದರು. ಆಮೇಲೆ ಆಕೆಯ ಎದುರಿಗೇ ವೆಂಡರ್‌ಗೆ ಫೋನ್ ಮಾಡಿ, ಹೆಣ್ಣುಮಗಳ ಜೊತೆ ಹೀಗೆಲ್ಲ ಮಾಡಬಾರದೆಂದು ಗದರಿದರು. ಫೋನ್ ಇಟ್ಟ ಮೇಲೆ ಆಕೆಗೆ ಹೇಳಿದ್ದು: “ಅವನೂ ನಮ್ಮೋನೆ, ನೀನೂ ನಮ್ಮೋಳೆ ಕಣಮ್ಮ.” ಪರಿಹಾರವೂ ಅವರ ಬಳಿ ಸಿದ್ಧವಿತ್ತು. ಆಕೆ ಜಾತಿ ನಿಂದನೆ ದೂರಿನಲ್ಲಿ ರಾಜಿಯಾಗಬೇಕು, ಎದುರಿನವರು ತಾಂತ್ರಿಕ ಸಹಾಯಕನ ದೂರನ್ನು ಸಡಿಲಗೊಳಿಸುತ್ತಾರೆ, ಬಿಲ್ಲಿನ ವಿಚಾರವನ್ನು ಕೂತು ಮಾತಾಡೋಣ. ಅವರ ಹಿಂದಿನ ಗೋಡೆಯಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ಕ್ಯಾಲೆಂಡರ್ ಇತ್ತು, ಕೆಳಗೆ ‘ಮಾಡಿದವರಿಗೆ ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಸಾಲು. ಮಾತಿನುದ್ದಕ್ಕೂ ತಾನು ಅದನ್ನೇ ಓದುತ್ತ ಕುಳಿತಿದ್ದೆನೆಂದು ಆಕೆ ಹೇಳಿದರು.

‘ಅವನೂ ನಮ್ಮವನು, ನೀನೂ ನಮ್ಮವಳು’ ಎಂಬ ಮಾತಿನಲ್ಲಿ ಇಡೀ ಪ್ರಕರಣ ಅಡಗಿದೆ ಎಂದು ನನಗೆ ಅನಿಸುತ್ತದೆ. ಮೇಲ್ನೋಟಕ್ಕೆ ಅದು ಸಮಾನತೆಯ ಮಾತು, ಮನೆಯ ಹಿರಿಯನ ಮಾತು. ಆದರೆ ಒಬ್ಬ ಬೈದವನು, ಇನ್ನೊಬ್ಬಳು ಬೈಸಿಕೊಂಡವಳು. ಒಬ್ಬನಿಗೆ ಬಿಲ್ ಬರಬೇಕಿದೆ, ಇನ್ನೊಬ್ಬಳು ಊರ ಹಣ ಕಾಯುತ್ತಿದ್ದಾಳೆ. ಇಬ್ಬರನ್ನೂ ‘ನಮ್ಮವರು’ ಎಂದು ಒಂದೇ ಚಾಪೆಯ ಮೇಲೆ ಕೂರಿಸಿದ ಕ್ಷಣದಲ್ಲಿ ತಪ್ಪು ಸರಿಗಳ ಪ್ರಶ್ನೆ ಮಾಯವಾಗಿ, ಯಾರು ಎಷ್ಟು ಬಗ್ಗಬೇಕು ಎಂಬ ಪ್ರಶ್ನೆ ಮಾತ್ರ ಉಳಿಯುತ್ತದೆ. ಬಗ್ಗುವ ಪಾಳಿ ಯಾವಾಗಲೂ ಪಕ್ಷ ಬಿಟ್ಟು ಬೇರೆ ಆಸರೆ ಇಲ್ಲದವರದ್ದು. ವೆಂಡರ್ ನಾಳೆ ಎದುರು ಪಕ್ಷಕ್ಕೆ ಹೋದರೆ ಮೂರು ಪಂಚಾಯಿತಿಗಳ ಖರ್ಚು ಹೋಗುತ್ತದೆ. ಆಕೆ ಎಲ್ಲಿಗೆ ಹೋಗುತ್ತಾರೆ? ಈ ಪ್ರಶ್ನೆಯನ್ನು ತಾಲ್ಲೂಕು ಅಧ್ಯಕ್ಷರು ಕೇಳಲಿಲ್ಲ. ಉತ್ತರ ಗೊತ್ತಿದ್ದವರಿಗೆ ಕೇಳುವ ಅಗತ್ಯವಿರುವುದಿಲ್ಲ.

ಚಿತ್ರದುರ್ಗದ ಜಿಲ್ಲಾ ಕಚೇರಿಯಲ್ಲಿ ಮನವಿ ಪತ್ರ ಬರೆದುಕೊಡುವಂತೆ ಹೇಳಿದರು, ಕೊಟ್ಟರು, ಸ್ವೀಕೃತಿ ಸಿಗಲಿಲ್ಲ. ಕಾನೂನು ಘಟಕದವರು ಇದು ವೈಯಕ್ತಿಕ ಪ್ರಕರಣ ಎಂದರು. ಮಹಿಳಾ ಘಟಕದ ಮುಖಂಡರೊಬ್ಬರು ಫೋನಿನಲ್ಲಿ ಬಹಳ ಹೊತ್ತು ಮರುಗಿ, ಮೇಲಿನಿಂದ ಸೂಚನೆ ಬಾರದೆ ತಾನು ಹೇಳಿಕೆ ಕೊಡುವಂತಿಲ್ಲ ಎಂದರು. ಕ್ಷೇತ್ರದ ನಾಯಕರನ್ನು ಕಾಣಲು ಆಕೆ ಮೂರು ಸಲ ಹೋದರು. ಮೂರನೆಯ ಸಲ ಕಾರು ಹತ್ತುವ ಮುನ್ನ ಅವರು ಹೇಳಿದ್ದು ಇಷ್ಟು: ಗ್ರಾಮ ಪಂಚಾಯಿತಿ ಪಕ್ಷಾತೀತ, ಅದರೊಳಗೆ ನಾವು ಕೈ ಹಾಕಿದರೆ ತಪ್ಪಾಗುತ್ತದೆ.

‘ಪಕ್ಷಾತೀತ’ದ ಉಪಯೋಗಗಳು

ನಾಯಕರ ಮಾತು ಕಾನೂನಿನ ಪ್ರಕಾರ ನೂರಕ್ಕೆ ನೂರು ನಿಜ. 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಪಕ್ಷದ ಚಿಹ್ನೆ ಇಲ್ಲ. ಆಯೋಗ ಕೊಡುವ ಮುಕ್ತ ಚಿಹ್ನೆಯಲ್ಲೇ ಸ್ಪರ್ಧಿಸಬೇಕು. ಆಕೆಯ ಚಿಹ್ನೆ, ಕಾಕತಾಳೀಯವಾಗಿ, ಹೊಲಿಗೆ ಯಂತ್ರವೇ ಆಗಿತ್ತು. ಪಕ್ಷ ತನ್ನ ಅಭ್ಯರ್ಥಿಗೆ ಕೊಡುವ ಬಿ ಫಾರಂ ಇಲ್ಲದ ಕಡೆ, ಹೀಗೇ ಮತ ಹಾಕಬೇಕೆಂದು ಪಕ್ಷ ಹೊರಡಿಸುವ ವಿಪ್ ಕೂಡ ಇಲ್ಲ. 1987ರ ಕರ್ನಾಟಕ ಸ್ಥಳೀಯ ಪ್ರಾಧಿಕಾರಗಳ ಪಕ್ಷಾಂತರ ನಿಷೇಧ ಕಾಯ್ದೆ ನಗರಸಭೆ, ಪುರಸಭೆ, ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳ ಸದಸ್ಯರನ್ನು ಹಿಡಿಯುತ್ತದೆಯೇ ಹೊರತು ಗ್ರಾಮ ಪಂಚಾಯಿತಿಯವರನ್ನಲ್ಲ. ಆದ್ದರಿಂದ ಆರು ಮಂದಿ ತಿರುಗಿಬಿದ್ದಾಗ ಪಕ್ಷದ ಕೈಯಲ್ಲಿ ಕಾನೂನಿನ ಕೋಲು ಇರಲಿಲ್ಲ ಎಂಬುದನ್ನು ಒಪ್ಪಬೇಕು.

ಆದರೆ ಇದೇ ಪಕ್ಷಾತೀತ ಪಂಚಾಯಿತಿಯ ಫಲಿತಾಂಶ 2020ರ ಡಿಸೆಂಬರ್ 30ರಂದು ಬಂದಾಗ, 5,700ಕ್ಕೂ ಹೆಚ್ಚು ಪಂಚಾಯಿತಿಗಳ ಲೆಕ್ಕವನ್ನು ಎಲ್ಲ ಪಕ್ಷಗಳೂ ತಮ್ಮ ತಮ್ಮ ಖಾತೆಗೆ ಬರೆದುಕೊಂಡವು. ಆಯೋಗದ ದಾಖಲೆಯಲ್ಲಿ ಪಕ್ಷದ ಕಾಲಂ ಇಲ್ಲದ ಚುನಾವಣೆಯಲ್ಲಿ ಇಷ್ಟು ಸಾವಿರ ‘ನಮ್ಮ ಬೆಂಬಲಿತರು’ ಎಂಬ ಹೇಳಿಕೆಗಳು ಬೆಂಗಳೂರಿನಿಂದ ಹೊರಟವು. ಆ ಎಣಿಕೆಯಲ್ಲಿ ಆಕೆಯೂ ಒಂದು ಅಂಕಿ. ಮುಂದಿನ ವರ್ಷ ಡಿಸೆಂಬರ್ 10ರಂದು ಸ್ಥಳೀಯ ಸಂಸ್ಥೆಗಳಿಂದ ವಿಧಾನ ಪರಿಷತ್ತಿಗೆ ಚುನಾವಣೆ ನಡೆದಾಗ ಚಿತ್ರದುರ್ಗ ಕ್ಷೇತ್ರದಲ್ಲೂ ಗ್ರಾಮ ಪಂಚಾಯಿತಿ ಸದಸ್ಯರೇ ದೊಡ್ಡ ಸಂಖ್ಯೆಯ ಮತದಾರರು. ಆಗ ಜಿಲ್ಲಾ ನಾಯಕರು ಈ ಹೊಲಿಗೆ ಯಂತ್ರದ ಮನೆಗೆ ಎರಡು ಸಲ ಬಂದಿದ್ದರು. 2023ರ ಜುಲೈನಲ್ಲಿ ಅಧ್ಯಕ್ಷರ ಆಯ್ಕೆಗೆ ಮುನ್ನ ಹತ್ತೂ ಸದಸ್ಯರನ್ನು ಮೂರು ದಿನ ಧರ್ಮಸ್ಥಳದ ಕಡೆಗೆ ‘ಪ್ರವಾಸ’ ಕರೆದೊಯ್ದು, ಚುನಾವಣೆಯ ಬೆಳಿಗ್ಗೆ ನೇರವಾಗಿ ಪಂಚಾಯಿತಿ ಬಾಗಿಲಿಗೆ ತಂದಿಳಿಸಿದ್ದು ಪಕ್ಷವೇ. ವಿಪ್ ಇಲ್ಲದಿದ್ದರೂ ಟೆಂಪೊ ಟ್ರಾವೆಲರ್ ಇತ್ತು. ಅವಿಶ್ವಾಸದ ವಾರದಲ್ಲಿ ಆ ಆರು ಮಂದಿ ಹೋದದ್ದೂ ಒಂದು ಟೆಂಪೊ ಟ್ರಾವೆಲರ್‌ನಲ್ಲೇ, ಈ ಸಲ ಬಾಡಿಗೆ ಕೊಟ್ಟವನು ವೆಂಡರ್.

‘ಬೆಂಬಲಿತ’ ಎಂಬ ಪದವನ್ನು ಗಮನಿಸಿ. ಅದರಲ್ಲಿ ಬೆಂಬಲಿಸಿದ ಕ್ರಿಯೆ ಮುಗಿದುಹೋಗಿದೆ, ಬೆಂಬಲಿಸುತ್ತಲೇ ಇರಬೇಕಾದ ಬಾಧ್ಯತೆ ಇಲ್ಲ. ಪಕ್ಷದ ಅಭ್ಯರ್ಥಿಯಾಗಿ ಸೋತವರಿಗೂ ಪಕ್ಷದೊಳಗೆ ಒಂದು ಹಕ್ಕಿರುತ್ತದೆ, ಬೆಂಬಲಿತರಾಗಿ ಗೆದ್ದವರಿಗೆ ಅದಿಲ್ಲ. ಹಳ್ಳಿಯ ರಾಜಕೀಯದಿಂದ ಪಕ್ಷಗಳನ್ನು ದೂರವಿಡಬೇಕೆಂಬ ಒಳ್ಳೆಯ ಉದ್ದೇಶದಿಂದ ಬರೆದ ನಿಯಮವು, ಪಕ್ಷಗಳು ಹಳ್ಳಿಯಿಂದ ಪಡೆಯುವುದನ್ನು ಪಡೆದು, ಕೊಡಬೇಕಾದಾಗ ಹಿಂದೆ ಸರಿಯುವುದಕ್ಕೆ ನೆರಳಾಗಿರುವುದು ಈ ಪ್ರಕರಣದಲ್ಲಿ ನನಗೆ ಕಂಡ ಮುಖ್ಯ ಸಂಗತಿ. ನಿಯಮವನ್ನು ತೆಗೆದರೆ ಸರಿಹೋಗುತ್ತದೆಯೇ ಎಂದರೆ ನನಗೆ ಹಾಗನಿಸುವುದಿಲ್ಲ. ವಿಪ್ ಬಂದ ಮಾತ್ರಕ್ಕೆ ವೆಂಡರ್‌ನ ತೂಕ ಕಡಿಮೆಯಾಗುವುದಿಲ್ಲ.

ಇನ್ನೊಂದು ಕಾರಣ ಹೆಚ್ಚು ಚರ್ಚೆಯಾಗದೆ ಉಳಿದಿದೆ. ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. 2021ರಲ್ಲಿ ಅವುಗಳ ಅವಧಿ ಮುಗಿದ ಮೇಲೆ, ಕ್ಷೇತ್ರ ಮರುವಿಂಗಡಣೆ ಮತ್ತು ಮೀಸಲಾತಿಯ ತಕರಾರುಗಳ ನಡುವೆ, ಈ ಪ್ರಕರಣ ನಡೆದ ಕಾಲದವರೆಗೂ ಚುನಾವಣೆ ಆಗಿರಲಿಲ್ಲ. ಹಿಂದೆ ಹೋಬಳಿಗೊಬ್ಬ ತಾಲ್ಲೂಕು ಪಂಚಾಯಿತಿ ಸದಸ್ಯನಾದರೂ ಇರುತ್ತಿದ್ದ. ಠಾಣೆಯಲ್ಲಿ ಕೂರುವುದು, ಅಧಿಕಾರಿಯನ್ನು ಸಾಮಾನ್ಯ ಸಭೆಯಲ್ಲಿ ನಿಲ್ಲಿಸಿ ಕೇಳುವುದು, ಮುನಿಸಿಕೊಂಡ ಸದಸ್ಯನ ಮನೆಗೆ ರಾತ್ರಿ ಹೋಗಿ ಮಾತಾಡುವುದು ಅವನ ಕೆಲಸ. ಮುಂದಿನ ಸಲವೂ ಅದೇ ಹಳ್ಳಿಗಳಲ್ಲಿ ವೋಟು ಕೇಳಬೇಕಾದ್ದರಿಂದ ಅವನಿಗೆ ಈ ಕೆಲಸದಲ್ಲಿ ಸ್ವಾರ್ಥವೂ ಇತ್ತು. ಆ ಮೆಟ್ಟಿಲುಗಳು ಇಲ್ಲವಾದ ಮೇಲೆ ಗ್ರಾಮ ಪಂಚಾಯಿತಿಯಿಂದ ಮೇಲೆ ನೋಡಿದರೆ ನೇರವಾಗಿ ಕಾಣುವುದು ವಿಧಾನಸಭಾ ಕ್ಷೇತ್ರದ ನಾಯಕ. ಎರಡು ಲಕ್ಷ ಮತದಾರರ ಲೆಕ್ಕ ಹಾಕುವವನಿಗೆ ಒಂದು ಪಂಚಾಯಿತಿಯ ಅಧ್ಯಕ್ಷೆ ಬಹಳ ಸಣ್ಣ ಅಂಕಿ, ಮೂರು ಪಂಚಾಯಿತಿಗಳ ವೆಂಡರ್ ಅದಕ್ಕಿಂತ ದೊಡ್ಡ ಅಂಕಿ.

ಪಕ್ಷಗಳಿಗೆ ತಮ್ಮವರ ಮೇಲಿನ ಮೊಕದ್ದಮೆಗಳ ವಿಷಯದಲ್ಲಿ ಕೈಚೆಲ್ಲುವ ಅಭ್ಯಾಸ ಇದೆಯೆಂದೂ ಹೇಳಲಾಗದು. 2020ರ ಆಗಸ್ಟ್‌ನಲ್ಲಿ ಅಂದಿನ ರಾಜ್ಯ ಸರ್ಕಾರ 61 ಪ್ರಕರಣಗಳನ್ನು ಹಿಂಪಡೆಯಲು ಆದೇಶಿಸಿತು, ಹೈಕೋರ್ಟ್ ಅದಕ್ಕೆ ತಡೆ ಕೊಟ್ಟಿತು. 2024ರ ಅಕ್ಟೋಬರ್‌ನಲ್ಲಿ ಇನ್ನೊಂದು ಪಕ್ಷದ ಸರ್ಕಾರ 43 ಪ್ರಕರಣಗಳ ಬಗ್ಗೆ ಅಂಥದೇ ಆದೇಶ ಹೊರಡಿಸಿತು, 2025ರ ಮೇ ತಿಂಗಳಲ್ಲಿ ಹೈಕೋರ್ಟ್ ಅದನ್ನು ರದ್ದುಮಾಡಿತು. ಆಕೆಯ ಮೊಕದ್ದಮೆಯನ್ನು ಹಿಂಪಡೆಯಬೇಕಿತ್ತು ಎಂಬುದು ನನ್ನ ವಾದವಲ್ಲ, ನ್ಯಾಯಾಲಯಗಳು ಇಂಥ ಹಿಂಪಡೆತವನ್ನು ಅನುಮಾನದಿಂದ ನೋಡುವುದು ಸರಿಯೇ. ಸಚಿವ ಸಂಪುಟದವರೆಗೆ ಕಡತ ಒಯ್ಯಬಲ್ಲ ಪಕ್ಷಗಳಿಗೆ ಚಳ್ಳಕೆರೆಯ ಒಂದು ಠಾಣೆಗೆ ಒಬ್ಬ ವಕೀಲನನ್ನು ಕಳಿಸುವುದು ಅಸಾಧ್ಯವಾಗಿರಲಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ.

ಆಕೆಯ ಕಡೆಯ ತಪ್ಪುಗಳು

ಪ್ರಕರಣವನ್ನು ಆಕೆಯ ಬಾಯಿಂದ ಮಾತ್ರ ಕೇಳಿ ಬರೆದರೆ ಅರ್ಧವಾಗುತ್ತದೆ. ತಿರುಗಿಬಿದ್ದ ಆರು ಮಂದಿಯಲ್ಲಿ ಮೂವರ ಜೊತೆ ನಾನು ಮಾತಾಡಿದ್ದೇನೆ. ಒಬ್ಬರಿಗೆ ಉಪಾಧ್ಯಕ್ಷ ಸ್ಥಾನದ ಆಸೆ ತೋರಿಸಲಾಗಿತ್ತು, ಅವರು ಅದನ್ನು ಮುಚ್ಚಿಡಲಿಲ್ಲ. ಇನ್ನೊಬ್ಬರ ವಾರ್ಡಿನ ಕೊಳವೆಬಾವಿಯ ಮೋಟಾರು ಬೇಸಿಗೆಯಲ್ಲಿ ಸುಟ್ಟುಹೋಗಿ, ಬಿಲ್ಲುಗಳೆಲ್ಲ ನಿಂತುಹೋಗಿದ್ದರಿಂದ ದುರಸ್ತಿಗೆ ತಿಂಗಳುಗಟ್ಟಲೆ ತಡವಾಗಿತ್ತು. ನೀರಿಲ್ಲದ ಕೇರಿಯ ಹೆಂಗಸರು ಕೊಡ ಹಿಡಿದು ಬಂದು ನಿಂತಾಗ ಜೆಸಿಬಿ ವಿರುದ್ಧದ ಹೋರಾಟದ ಕಥೆ ಹೇಳಲಾಗುವುದಿಲ್ಲ ಎಂದರು. ಮೂರನೆಯವರು ಒಬ್ಬ ಹಿರಿಯ ಮಹಿಳೆ. ಅವರ ದೂರು ಅಧ್ಯಕ್ಷೆಯ ಗಂಡನ ಮೇಲೆ. ಮೊದಲ ಆರು ತಿಂಗಳು ಸಭೆಯಲ್ಲಿ ಆತನೇ ಮಾತಾಡುತ್ತಿದ್ದ, ಸದಸ್ಯರಿಗೆ ಫೋನು ಬರುತ್ತಿದ್ದುದೂ ಆತನಿಂದಲೇ. ಇದು ನಿಜ. ಆಕೆಯೂ ಒಪ್ಪುತ್ತಾರೆ.

ಇದಕ್ಕಿಂತ ದೊಡ್ಡ ತಪ್ಪು, ನನ್ನ ದೃಷ್ಟಿಯಲ್ಲಿ, ಆಕೆ ಪಕ್ಷವನ್ನು ನಂಬಿ ಊರನ್ನು ಮರೆತದ್ದು. ಗೋಕಟ್ಟೆಯ ವಿಷಯವನ್ನು ಗ್ರಾಮ ಸಭೆಯ ಮುಂದಿಟ್ಟು ನಿರ್ಣಯ ಮಾಡಿಸಿದ್ದರೆ, ಬೆರಳು ಒತ್ತಿ ಇನ್ನೂರು ರೂಪಾಯಿಗೆ ತಮ್ಮ ಕೂಲಿ ಕಳೆದುಕೊಳ್ಳಬೇಕಿದ್ದವರೇ ಆಕೆಯ ಸಾಕ್ಷಿಗಳಾಗುತ್ತಿದ್ದರು. ಹಾಗೆ ಮಾಡಿದರೆ ಪಕ್ಷದ ಮರ್ಯಾದೆ ಬೀದಿಗೆ ಬರುತ್ತದೆಂದು ಆಕೆ ಹಿಂಜರಿದರು. ಒಳಗೇ ಬಗೆಹರಿಯುತ್ತದೆ ಎಂದು ತಾಲ್ಲೂಕು ಅಧ್ಯಕ್ಷರು ಕೊಟ್ಟ ಭರವಸೆಯ ಮೇಲೆ ನಾಲ್ಕು ತಿಂಗಳು ಕಾದರು. ಆ ನಾಲ್ಕು ತಿಂಗಳಲ್ಲಿ ಎದುರಿನವರು ಸಹಿ ಸಂಗ್ರಹಿಸಿದರು. ಗೊತ್ತುವಳಿಯ ನೋಟಿಸಿಗೆ ಒಟ್ಟು ಸದಸ್ಯರ ಅರ್ಧದಷ್ಟು ಸಹಿ ಬೇಕು, ಎಂದರೆ 9. ಅಂಗೀಕಾರಕ್ಕೆ ಒಟ್ಟು ಸದಸ್ಯರ ಮೂರನೇ ಎರಡರಷ್ಟು, ಎಂದರೆ 12. ಉಪವಿಭಾಗಾಧಿಕಾರಿಗಳ ಅಧ್ಯಕ್ಷತೆಯ ಸಭೆ ನಿಯಮದಂತೆಯೇ ನಡೆಯಿತು, ಅದರಲ್ಲಿ ದೋಷ ಹುಡುಕುವಂಥದ್ದು ಏನೂ ಇರಲಿಲ್ಲ. ಸರಿಯಾಗಿ 12 ಮತ ಬಿದ್ದವು. ಒಬ್ಬನೇ ಒಬ್ಬ ಸದಸ್ಯನಿಗೆ ಪಕ್ಷದ ಯಾರಾದರೂ ಫೋನ್ ಮಾಡಿದ್ದರೂ ಗೊತ್ತುವಳಿ ಬಿದ್ದುಹೋಗುವ ಸಾಧ್ಯತೆ ಇತ್ತು.

ಸ್ಥಾನ ಮೀಸಲು ಇದ್ದದ್ದರಿಂದ ಮುಂದಿನ ಅಧ್ಯಕ್ಷೆ ಯಾರೆಂಬುದು ಮೊದಲೇ ನಿರ್ಧಾರವಾಗಿತ್ತು. ಆ ಪಂಚಾಯಿತಿಯಲ್ಲಿ ಪರಿಶಿಷ್ಟ ಜಾತಿಯ ಇನ್ನೊಬ್ಬ ಮಹಿಳಾ ಸದಸ್ಯೆ ಒಬ್ಬರೇ ಇದ್ದರು, ಕೃಷಿ ಕೂಲಿ ಮಾಡುವವರು. ಅವರನ್ನು ದೂರುವುದಕ್ಕೆ ನನಗೆ ಮನಸ್ಸಿಲ್ಲ. ಪ್ರವಾಸದ ಗಾಡಿ ಹತ್ತುವಾಗ ಎಲ್ಲಿಗೆ, ಯಾಕೆ ಎಂಬುದನ್ನೂ ಅವರಿಗೆ ಸರಿಯಾಗಿ ಹೇಳಿರಲಿಲ್ಲ. ಅವರು ಅಧ್ಯಕ್ಷೆಯಾದ ಮೇಲೆ ಡೊಂಗಲ್ ಅವರ ಮನೆಯಲ್ಲಿ ಇರುತ್ತಿರಲಿಲ್ಲ ಎಂದು ಊರವರು ಹೇಳುತ್ತಾರೆ. ಗೋಕಟ್ಟೆಯ ಬಿಲ್ ಮಾರ್ಚ್ ಮುಗಿಯುವ ಮೊದಲು ಪಾಸಾಯಿತು. ಹೊಸ ಅಧ್ಯಕ್ಷೆಗೆ ಶಾಲು ಹೊದಿಸಿದ ಫೋಟೊದಲ್ಲಿ ತಾಲ್ಲೂಕು ಅಧ್ಯಕ್ಷರಿದ್ದಾರೆ, ಕೆಳಗೆ ‘ನಮ್ಮ ಪಕ್ಷದ ಬೆಂಬಲಿತ ಅಧ್ಯಕ್ಷರು’ ಎಂದು ಬರೆದಿದೆ. ಎರಡೂ ಸಲ ಅಧ್ಯಕ್ಷ ಸ್ಥಾನ ಪಕ್ಷದ್ದೇ ಆಗಿ ಉಳಿದದ್ದರಿಂದ ಪಕ್ಷದ ಲೆಕ್ಕದಲ್ಲಿ ಯಾವ ನಷ್ಟವೂ ಆಗಿಲ್ಲ.

ಎರಡು ಮೊಕದ್ದಮೆಗಳೂ ನಡೆಯುತ್ತಿವೆ. ಹೊಲಿಗೆ ಮತ್ತೆ ಶುರುವಾಗಿದೆ, ಸರ ಇನ್ನೂ ಅಡವಿನಲ್ಲಿದೆ. ವಾಯಿದೆಯ ದಿನ ಗಂಡನ ಜೊತೆಗೆ ಇನ್ನೊಬ್ಬರು ಆಕೆಯೊಂದಿಗೆ ಚಿತ್ರದುರ್ಗದ ಬಸ್ ಹತ್ತುತ್ತಾರೆ. ಅವರು ಎದುರು ಪಕ್ಷದ ಏಳು ಮಂದಿಯಲ್ಲಿ ಒಬ್ಬರು, ಗೊತ್ತುವಳಿಯ ದಿನ ತನ್ನ ಗುಂಪನ್ನು ಬಿಟ್ಟು ಆಕೆಯ ಕಡೆ ಉಳಿದವರು. ಕಾರಣ ಕೇಳಿದೆ. ಗೋಕಟ್ಟೆಯ ಹಾಜರಿ ಪಟ್ಟಿಯಲ್ಲಿ ಅವರ ತಾಯಿಯ ಹೆಸರಿತ್ತಂತೆ. ಎರಡು ವರ್ಷದಿಂದ ಹಾಸಿಗೆ ಹಿಡಿದಿರುವ ತಾಯಿ. ಆ ಗೊತ್ತುವಳಿಯ ನಂತರ ಅವರ ಪಕ್ಷವೂ ಅವರನ್ನು ಸಭೆಗೆ ಕರೆಯುವುದನ್ನು ನಿಲ್ಲಿಸಿದೆ.